ಅಲ್ಝೈಮರ್ ಖಚಿತಪಡಿಸುವ ಮಿದುಳು ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೆಥಾಲಜಿ ಓದಿದವಳು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಮನೆಯವರ ಸಭೆಗಳಿಗೆ ಹೋದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಎಲ್ಲರೆದುರು ಕೇಳಲು ಹಿಂಜರಿದವರು ಆಮೇಲೆ ಪತ್ರ ಬರೆಯುತ್ತಾರೆ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಪ್ರಶ್ನೆಗಳು

ಡಾಕ್ಟರು ಅಲ್ಝೈಮರ್ ಅಂತ ಬರೆದುಕೊಟ್ಟಾಗಿದೆ. ಮತ್ತೆ "ತೀರಿಕೊಂಡ ಮೇಲೇ ಖಚಿತ" ಅಂತಾರಲ್ಲ, ಏನರ್ಥ?

ಮರೆವು ಒಂದು ಲಕ್ಷಣ. ಜ್ವರದ ಹಿಂದೆ ಮಲೇರಿಯಾ ಇರಬಹುದು, ಟೈಫಾಯ್ಡ್ ಇರಬಹುದು. ಹಾಗೆಯೇ ಮರೆವಿನ ಹಿಂದೆಯೂ ಬೇರೆ ಬೇರೆ ಕಾಯಿಲೆಗಳಿರುತ್ತವೆ. 1984ರಲ್ಲಿ ಅಮೆರಿಕದ ತಜ್ಞರು ಅಲ್ಝೈಮರ್ ಗುರುತಿಸಲು ನಿಯಮ ಮಾಡಿದಾಗ ಮೂರು ಮೆಟ್ಟಿಲು ಇಟ್ಟರು: ಇರಬಹುದು, ಬಹುಮಟ್ಟಿಗೆ ಹೌದು, ಖಚಿತ. ರೋಗಿಯೊಡನೆ ಮಾತಾಡಿ, ಪರೀಕ್ಷಿಸಿ ಎರಡನೆಯ ಮೆಟ್ಟಿಲವರೆಗೆ ಹೋಗಬಹುದು. ಮೂರನೆಯದಕ್ಕೆ ಮಿದುಳಿನ ತುಣುಕನ್ನೇ ಮೈಕ್ರೋಸ್ಕೋಪಿನಡಿ ನೋಡಬೇಕು. ಬದುಕಿರುವವರ ಮಿದುಳಿನಿಂದ ಇದಕ್ಕಾಗಿ ತುಣುಕು ತೆಗೆಯುವುದು ತೀರಾ ಅಪರೂಪ, ಹಾಗಾಗಿ "ತೀರಿಕೊಂಡ ಮೇಲೆ" ಎಂಬ ಮಾತು ಬಂತು.

ಡಾಕ್ಟರು ಹೇಳಿದ್ದಕ್ಕೂ ಮೈಕ್ರೋಸ್ಕೋಪಿನಡಿ ಕಂಡದ್ದಕ್ಕೂ ಅಂತರ ಎಷ್ಟು ಎಂದು ಅಳೆದೂ ನೋಡಿದ್ದಾರೆ. ಅಮೆರಿಕದ ಅಲ್ಝೈಮರ್ ಕೇಂದ್ರಗಳಲ್ಲಿ 2005ರಿಂದ 2010ರ ನಡುವೆ ಮಿದುಳು ಪರೀಕ್ಷೆಯಾದ 919 ಮಂದಿಯ ದಾಖಲೆಗಳನ್ನು ಹೋಲಿಸಿದ ವರದಿ 2012ರಲ್ಲಿ ಬಂತು. ಡಾಕ್ಟರು "ಮುಖ್ಯವಾಗಿ ಅಲ್ಝೈಮರ್ ಅಲ್ಲ, ಬೇರೆ ಕಾಯಿಲೆ" ಎಂದಿದ್ದವರಲ್ಲಿ ಶೇ. 39 ಮಂದಿಯ ಮಿದುಳಿನಲ್ಲಿ ಅಲ್ಝೈಮರ್ ಗುರುತುಗಳಿದ್ದವು. ಅಲ್ಝೈಮರ್ ಎಂದು ಹೇಳಿದ್ದವರಲ್ಲೂ ಕೆಲವರ ಮಿದುಳಿನಲ್ಲಿ ಅದು ಸಾಕಷ್ಟು ಇರಲಿಲ್ಲ. ಇವು ಇದೇ ಕಾಯಿಲೆಗೆಂದು ಮೀಸಲಾದ ದೊಡ್ಡ ಕೇಂದ್ರಗಳು ಎಂಬುದನ್ನು ನೆನಪಿಡಿ. ನಿಮ್ಮ ಡಾಕ್ಟರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹೊರಗಿನಿಂದ ನೋಡಿ ಹೇಳಲಾಗುವುದಕ್ಕೆ ಒಂದು ಮಿತಿಯಿದೆ, ಅಷ್ಟೇ.

ಮಿದುಳಲ್ಲಿ ಏನನ್ನ ಹುಡುಕ್ತಾರೆ?

ಎರಡು ಗುರುತುಗಳನ್ನು. ಒಂದು ಪ್ಲಾಕ್. ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನ್ ನರಕೋಶಗಳ ನಡುವೆ ಜಮೆಯಾಗಿ ಆಗುವ ಮಚ್ಚೆ. ಇನ್ನೊಂದು ಟ್ಯಾಂಗಲ್. ಕೋಶದ ಒಳಗೇ ಟೌ ಎಂಬ ಪ್ರೋಟೀನಿನ ಎಳೆಗಳು ಸಿಕ್ಕುಗಟ್ಟಿಕೊಂಡಿರುತ್ತವೆ. ಬಾಚದ ಕೂದಲಿನ ಸಿಕ್ಕು ನೆನಪಿಸಿಕೊಳ್ಳಿ. ಇಲ್ಲಿ ಮುಂದಕ್ಕೆ ಅದನ್ನು ಸಿಕ್ಕು ಎಂದೇ ಕರೆಯುತ್ತೇನೆ.

ಇವೆರಡನ್ನೂ ಒಬ್ಬ ರೋಗಿಯ ಬದುಕಿನ ಜೊತೆ ಸೇರಿಸಿ ನೋಡಿದವರು ಅಲೋಯಿಸ್ ಅಲ್ಝೈಮರ್. ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 1901ರಲ್ಲಿ ಆಗಸ್ಟ್ ಡೆಟರ್ ಎಂಬ 51 ವರ್ಷದ ಹೆಂಗಸು ಬಂದರು. 1906ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಅಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಮಿದುಳನ್ನು ಅಲ್ಲಿಗೇ ತರಿಸಿಕೊಂಡು, ಆಗ ಹೊಸದಾಗಿದ್ದ ಬೆಳ್ಳಿ ಲವಣದ ಬಣ್ಣ ಹಾಕಿ ನೋಡಿದರು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ವಿವರಿಸಿದರು. ಆ ಮಿದುಳಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡುಗಳು 1990ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ಸಿಕ್ಕವು. ಪ್ಲಾಕ್, ಸಿಕ್ಕು ಎರಡೂ ಅದರಲ್ಲಿ ಹಾಗೇ ಇವೆ. ತೊಂಬತ್ತು ವರ್ಷ ಹಳೆಯ ಗಾಜಿನ ಚೂರು ಇವತ್ತಿನ ಪ್ರಶ್ನೆಗೂ ಉತ್ತರ ಕೊಡುತ್ತದೆ ಎಂಬುದು ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿಸಿದ ಕಾರಣಗಳಲ್ಲೊಂದು.

ಪೋಸ್ಟ್‌ಮಾರ್ಟಮ್ ಅಂದ್ರೆ ಪೊಲೀಸ್ ಕೇಸ್ ಅಲ್ವಾ?

ಅಲ್ಲ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವುಗಳಲ್ಲಿ ಕಾನೂನಿನ ಪ್ರಕಾರ ನಡೆಯುವುದು ಒಂದು. ಕಾಯಿಲೆ ತಿಳಿಯಲು ಮನೆಯವರ ಒಪ್ಪಿಗೆ ಪಡೆದು ನಡೆಯುವುದು ಇನ್ನೊಂದು. ನಾವು ಮಾತಾಡುತ್ತಿರುವುದು ಎರಡನೆಯದು. ಅದಕ್ಕೆ ಪೊಲೀಸರು ಬೇಕಿಲ್ಲ. ಮನೆಯವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಮುಖ ವಿಕಾರ ಆಗುತ್ತಾ? ಕಾರ್ಯ ಮಾಡೋಕೆ ತಡ ಆಗುತ್ತಾ?

ಹೆಚ್ಚಾಗಿ ಹೆಣ್ಣುಮಕ್ಕಳು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದ್ದು. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಿನವರೆಗೆ ಚರ್ಮವನ್ನು ಬಿಡಿಸಿ, ಬುರುಡೆಯ ಮೇಲ್ಭಾಗ ತೆರೆದು ಮಿದುಳನ್ನು ತೆಗೆಯುತ್ತಾರೆ. ಬುರುಡೆಯನ್ನು ಮೊದಲಿನಂತೆ ಕೂರಿಸಿ ಹೊಲಿಗೆ ಹಾಕುತ್ತಾರೆ. ಹೊಲಿಗೆ ಕೂದಲಿನೊಳಗೆ, ತಲೆಯ ಹಿಂಬದಿಗೆ ಬರುತ್ತದೆ. ಮುಖಕ್ಕೆ ಏನೂ ಆಗುವುದಿಲ್ಲ. ದೇಹವನ್ನು ಮನೆಯವರಿಗೆ ಒಪ್ಪಿಸುತ್ತಾರೆ, ಸಂಸ್ಕಾರ ನಿಮ್ಮ ಪದ್ಧತಿಯಂತೆಯೇ ನಡೆಯುತ್ತದೆ. ತೆಗೆಯುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ. ತಡವಾಗುವುದು ಮೊದಲೇ ಮಾತಾಡಿಟ್ಟುಕೊಳ್ಳದೆ ಆ ಹೊತ್ತಿನಲ್ಲಿ ಫೋನ್ ನಂಬರ್ ಹುಡುಕಿದಾಗ.

ನಮ್ಮ ರಾಜ್ಯದಲ್ಲಿ ಮಿದುಳು ದಾನ ಮಾಡೋ ಜಾಗ ಇದೆಯಾ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿನ ಮಾನವ ಮಿದುಳು ಬ್ಯಾಂಕ್ 1995ರಲ್ಲಿ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್. ಸಾರ್ವಜನಿಕರು ನೋಡಬಹುದಾದ ಮಿದುಳು ಸಂಗ್ರಹಾಲಯವೂ ಅಲ್ಲೇ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಗಾಜಿನ ಜಾಡಿಯಲ್ಲಿ ಒಮ್ಮೆ ಮಿದುಳನ್ನು ಹತ್ತಿರದಿಂದ ಕಂಡವರಿಗೆ ಅದರ ಬಗ್ಗೆ ಮಾತಾಡುವ ಭಯ ಅರ್ಧ ಕಳೆದಿರುತ್ತದೆ.

ಡಾ. ರಾಜ್‌ಕುಮಾರ್ ಅವರ ಕಣ್ಣು, 2021ರಲ್ಲಿ ಪುನೀತ್ ಅವರ ಕಣ್ಣು ದಾನವಾದದ್ದರಿಂದ ನಮ್ಮಲ್ಲಿ ನೇತ್ರದಾನದ ಮಾತು ಹಳ್ಳಿಹಳ್ಳಿಗೂ ಮುಟ್ಟಿದೆ. ಮಿದುಳಿನ ವಿಷಯ ಅಲ್ಲಿಗೆ ಬಂದಿಲ್ಲ. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ಕಣ್ಣು ಇನ್ನೊಬ್ಬರಿಗೆ ದೃಷ್ಟಿ ಕೊಡುತ್ತದೆ, ಮಿದುಳನ್ನು ಯಾರಿಗೂ ಜೋಡಿಸುವುದಿಲ್ಲ. ಅದು ರೋಗನಿರ್ಣಯಕ್ಕೆ ಮತ್ತು ಸಂಶೋಧನೆಗೆ.

ಅಮ್ಮನ ಜೀವ ಹೋದ ಮೇಲೆ ಹೆಸರು ತಿಳ್ಕೊಂಡು ನಮಗೇನು ಪ್ರಯೋಜನ?

ಚಿಕಿತ್ಸೆಗೆ ಪ್ರಯೋಜನವಿಲ್ಲ. ಅದನ್ನು ಮುಚ್ಚಿಡಬಾರದು. ಆದರೆ ಮಕ್ಕಳಿಗೂ ಮೊಮ್ಮಕ್ಕಳಿಗೂ "ನಿಮ್ಮ ಮನೆತನದಲ್ಲಿ ಏನಿತ್ತು" ಎಂದು ಮುಂದೆ ಡಾಕ್ಟರು ಕೇಳಿದಾಗ ಸರಿಯಾದ ಉತ್ತರ ಇರುತ್ತದೆ. ಮಿದುಳಿನ ಮುಂಭಾಗ ಸವೆಯುವ ಕೆಲವು ಕಾಯಿಲೆಗಳು ಅಲ್ಝೈಮರ್‌ಗಿಂತ ಹೆಚ್ಚಾಗಿ ವಂಶದಲ್ಲಿ ಹರಿಯುತ್ತವೆ, ಆ ವ್ಯತ್ಯಾಸ ತಿಳಿಯುವುದು ಮುಖ್ಯ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಸಿಗುವುದಿಲ್ಲ. ತಾಯಿ ಕೊನೆಗಾಲದಲ್ಲಿ ಸೊಸೆಯನ್ನು ಕಳ್ಳಿ ಎಂದದ್ದು, ಗೋಡೆಯ ಮೇಲೆ ಮಕ್ಕಳು ಕೂತಿದ್ದಾರೆ ಎಂದದ್ದು, ಮಗನನ್ನೇ ಹೊರಗೆ ಹೋಗು ಎಂದದ್ದು ಇವೆಲ್ಲ ಮನೆಯವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿರುತ್ತವೆ. ವರದಿ ಕೈಗೆ ಬಂದ ದಿನ "ಅದು ಕಾಯಿಲೆಯೇ ಆಗಿತ್ತು, ಅವಳಲ್ಲ" ಎಂದು ಒಬ್ಬ ಮಗ ಅತ್ತದ್ದನ್ನು ನಾನು ನೋಡಿದ್ದೇನೆ.

ಕಾಯಿಲೆ ಇಲ್ಲದವರ ಮಿದುಳು ತಗೊಂಡು ಏನ್ ಮಾಡ್ತೀರಿ?

ಹೋಲಿಸಲು ಬೇಕು. ಎಂಬತ್ತು ದಾಟಿಯೂ ಲೆಕ್ಕ ತಪ್ಪದವರ ಮಿದುಳಿನಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಕಾಯಿಲೆಯವರಲ್ಲಿ ಕಂಡದ್ದು ಮುಪ್ಪೋ ರೋಗವೋ ಹೇಳುವುದು ಹೇಗೆ? ಇಂಥ ಮಿದುಳುಗಳೇ ಸಿಗುವುದು ಕಷ್ಟ.

## ನಿಯಮ ಬಂದದ್ದು ಹೇಗೆ

ಮೈಕ್ರೋಸ್ಕೋಪಲ್ಲಿ ಕಂಡದ್ದು ಕಂಡಂಗೇ ಅಲ್ವಾ? ಅದಕ್ಕೆ ಯಾಕೆ ನಿಯಮ?

ಈ ಇಡೀ ಬರಹದಲ್ಲಿ ನನಗೆ ಅತಿ ಮುಖ್ಯವಾದ ಪ್ರಶ್ನೆ ಇದು.

ತಾಜಾ ಮಿದುಳು ಗಿಣ್ಣಿನಷ್ಟು ಮೆತ್ತಗಿರುತ್ತದೆ. ಫಾರ್ಮಲಿನ್‌ನಲ್ಲಿ ಸುಮಾರು ಎರಡು ವಾರ ಮುಳುಗಿಸಿಟ್ಟ ಮೇಲೆ ಗಟ್ಟಿಯಾಗುತ್ತದೆ. ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹಲ್ಲೆಗಳಾಗಿ ಕೊಯ್ದು, ಅವುಗಳಿಂದ ಬೆರಳ ತುದಿಯಷ್ಟು ತುಣುಕುಗಳನ್ನು ಆರಿಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪದ ಪದರ ತೆಗೆದು, ಬಣ್ಣ ಹಾಕಿ ನೋಡುತ್ತೇವೆ. ಈಗ ಯೋಚಿಸಿ. ಸಾವಿರದ ಇನ್ನೂರು, ಸಾವಿರದ ಮುನ್ನೂರು ಗ್ರಾಂ ತೂಗುವ ಅಂಗದಲ್ಲಿ ಯಾವ ತುಣುಕು ಆರಿಸಬೇಕು? ಒಬ್ಬರು ಹಣೆಯ ಹಿಂಭಾಗದ್ದು, ಇನ್ನೊಬ್ಬರು ಕಿವಿಯ ಬಳಿಯದ್ದು ತೆಗೆದರೆ ಇಬ್ಬರ ಲೆಕ್ಕ ಹೇಗೆ ಕೂಡುತ್ತದೆ? ಪದರ ದಪ್ಪವಾದಷ್ಟೂ ಅದರೊಳಗೆ ಹೆಚ್ಚು ಪ್ಲಾಕ್ ಕಾಣುತ್ತದೆ. ಬಣ್ಣದ್ದಂತೂ ಇನ್ನೂ ದೊಡ್ಡ ಕಥೆ. ಪೆಥಾಲಜಿ ಲ್ಯಾಬಿನಲ್ಲಿ ದಿನಾ ಬಳಸುವ ನೇರಳೆ-ಗುಲಾಬಿ ಬಣ್ಣದಲ್ಲಿ ಪ್ಲಾಕ್‌ಗಳು ಕಣ್ಣು ತಪ್ಪಿಸಿಕೊಳ್ಳುತ್ತವೆ. ಬೆಳ್ಳಿ ಬಣ್ಣ ಚೆನ್ನಾಗಿ ತೋರಿಸುತ್ತದೆ, ಆದರೆ ಅದು ಕೈಗುಣದ ಕೆಲಸ. ದ್ರಾವಣದ ಹದ, ಹೊತ್ತು ಸ್ವಲ್ಪ ಹೆಚ್ಚುಕಡಿಮೆಯಾದರೂ ಒಂದು ಲ್ಯಾಬಿನ ಸ್ಲೈಡ್ ಇನ್ನೊಂದರಂತೆ ಇರುವುದಿಲ್ಲ.

1985ರಲ್ಲಿ ಅಮೆರಿಕದಲ್ಲಿ ಝಾವೆನ್ ಖಚತೂರಿಯನ್ ಪ್ರಕಟಿಸಿದ ಮಾನದಂಡ ಎಣಿಕೆಯನ್ನು ನಂಬಿತ್ತು: ಇಷ್ಟು ವಯಸ್ಸಿಗೆ ಇಷ್ಟು ಪ್ಲಾಕ್. 75 ದಾಟಿದವರಿಗೆ ಮೈಕ್ರೋಸ್ಕೋಪಿನ ಒಂದು ನೋಟದಲ್ಲಿ 15ಕ್ಕಿಂತ ಹೆಚ್ಚು ಬೇಕು. ಮೊದಲ ಹೆಜ್ಜೆಯಾಗಿ ಅದು ದೊಡ್ಡದು. ಆದರೆ ಬಣ್ಣ ಹೆಚ್ಚು ಚುರುಕಾದ ಲ್ಯಾಬಿನಲ್ಲಿ 20 ಕಂಡದ್ದು ಇನ್ನೊಂದರಲ್ಲಿ 12 ಕಾಣಬಹುದು. ಆಗ ಅದೇ ಅಜ್ಜನಿಗೆ ಒಂದು ಊರಿನಲ್ಲಿ ರೋಗ ಉಂಟು, ಇನ್ನೊಂದು ಊರಿನಲ್ಲಿ ಇಲ್ಲ.

ಸೆರಾಡ್ ಅಂತ ರಿಪೋರ್ಟಲ್ಲಿ ಬರೆದಿದಾರೆ. ಅದು ಯಾರು?

ಯಾರೂ ಅಲ್ಲ, ಒಂದು ಒಕ್ಕೂಟ. ಅಮೆರಿಕದ ವೃದ್ಧಾಪ್ಯ ಸಂಸ್ಥೆಯ ಹಣದಿಂದ 1986ರಲ್ಲಿ ಶುರುವಾಯಿತು. ಡ್ಯೂಕ್ ವಿಶ್ವವಿದ್ಯಾಲಯದ ಆಲ್ಬರ್ಟ್ ಹೇಮನ್ ಅದನ್ನು ಮುನ್ನಡೆಸಿದರು. ಬೇರೆ ಬೇರೆ ಊರಿನ ಕೇಂದ್ರಗಳು ರೋಗಿಯನ್ನು ಒಂದೇ ರೀತಿ ಪರೀಕ್ಷಿಸಿ, ಒಂದೇ ನಮೂನೆಯ ಕಾಗದದಲ್ಲಿ ಬರೆಯುವಂತೆ ಮಾಡುವುದು ಗುರಿ. ಮಿದುಳಿನ ಭಾಗ ಸುಝಾನ್ ಮಿರ್ರಾ ಅವರ ನೇತೃತ್ವದಲ್ಲಿ ಸಿದ್ಧವಾಗಿ 1991ರಲ್ಲಿ ಪ್ರಕಟವಾಯಿತು.

ಯಾವ ಯಾವ ಜಾಗದಿಂದ ತುಣುಕು ತೆಗೆಯಬೇಕು, ಎಷ್ಟು ದಪ್ಪ, ಯಾವ ಬಣ್ಣ ಎಂದು ಅವರು ಮೊದಲು ನಿಗದಿಮಾಡಿದರು. ಆಮೇಲೆ ಮುಂಭಾಗ, ಕಿವಿಯ ಪಕ್ಕದ ಭಾಗ, ನೆತ್ತಿಯ ಭಾಗ ಈ ಮೂರು ಹೊರಪದರಗಳಲ್ಲಿ ನ್ಯೂರಿಟಿಕ್ ಪ್ಲಾಕ್‌ಗಳನ್ನು, ಅಂದರೆ ಸುತ್ತ ಊದಿಕೊಂಡ ನರತಂತುಗಳಿರುವ ಪ್ಲಾಕ್‌ಗಳನ್ನು ಮಾತ್ರ, ನೋಡಲು ಹೇಳಿದರು. ಎಣಿಸಲು ಹೇಳಲಿಲ್ಲ. ಮಾದರಿ ಚಿತ್ರಗಳನ್ನು ಕೊಟ್ಟು, ಅವುಗಳ ಪಕ್ಕ ಹಿಡಿದು "ಇಲ್ಲ, ವಿರಳ, ಮಧ್ಯಮ, ದಟ್ಟ" ಈ ನಾಲ್ಕರಲ್ಲಿ ಒಂದನ್ನು ಆರಿಸಿ ಎಂದರು. ಅತಿ ದಟ್ಟವಾಗಿರುವ ಭಾಗವೇ ಲೆಕ್ಕಕ್ಕೆ.

ಅದಕ್ಕೆ ವಯಸ್ಸು ಸೇರುತ್ತದೆ. 50 ತುಂಬದವರಲ್ಲಿ ವಿರಳವಾಗಿ ಕಂಡರೂ ಅದು ಅಲ್ಝೈಮರ್ ಎಂದೇ ಸೂಚನೆ. 50ರಿಂದ 75ರವರಿಗೆ ಮಧ್ಯಮ ಬೇಕು. 75 ದಾಟಿದವರಿಗೆ ದಟ್ಟವಾಗಿರಬೇಕು, ಮಧ್ಯಮವಿದ್ದರೆ "ಸುಳಿವಿದೆ", ವಿರಳವಿದ್ದರೆ "ಹೇಳಲಾಗದು". ಕೊನೆಗೆ ಬದುಕಿದ್ದಾಗ ಮರೆವಿನ ಕಾಯಿಲೆ ಇತ್ತೇ ಎಂಬ ದಾಖಲೆ. ಮೂರೂ ಕೂಡಿದಾಗ ಮಾತ್ರ "ಖಚಿತ". ಆಸ್ಪತ್ರೆಯ ಹಳೆಯ ಚೀಟಿಗಳನ್ನು ಎಸೆಯಬೇಡಿ ಎಂದು ನಾವು ಮನೆಯವರನ್ನು ಬೇಡಿಕೊಳ್ಳುವುದು ಇದಕ್ಕೇ.

ಎಣಿಸೋದು ಬಿಟ್ಟು "ಮಧ್ಯಮ, ದಟ್ಟ" ಅಂದ್ರೆ ಅದು ವಿಜ್ಞಾನವಾ?

ಈ ಅನುಮಾನ ಅವರಿಗೂ ಇತ್ತು. ಹಾಗಾಗಿ ಒಂದೇ ಮಿದುಳುಗಳ ತುಣುಕುಗಳನ್ನು ಬೇರೆ ಬೇರೆ ಕೇಂದ್ರಗಳ ತಜ್ಞರಿಗೆ ಕಳಿಸಿ, ಅವರವರ ಲ್ಯಾಬಿನಲ್ಲೇ ಬಣ್ಣ ಹಾಕಿಸಿ ಉತ್ತರಗಳನ್ನು ಹೋಲಿಸಿದರು. 1994ರಲ್ಲಿ ಬಂದ ಆ ವರದಿಯ ತಿರುಳು: ಎಣಿಕೆಯ ಅಂಕಿಗಳು ತುಂಬ ಚದುರಿದವು, ದರ್ಜೆಗಳು ಅದಕ್ಕಿಂತ ಚೆನ್ನಾಗಿ ಹೊಂದಿಕೊಂಡವು. ಸಂತೆಗೆ ಬಂದ ಜನರನ್ನು ಇಬ್ಬರು ಎಣಿಸಿದರೆ ಲೆಕ್ಕ ಬೇರೆಯಾಗುತ್ತದೆ, ಸಂತೆ ತುಂಬಿತ್ತೋ ಖಾಲಿಯಿತ್ತೋ ಎಂಬುದರಲ್ಲಿ ಜಗಳ ಬರುವುದಿಲ್ಲ. ನಿಖರತೆ ಸ್ವಲ್ಪ ಬಿಟ್ಟುಕೊಟ್ಟು ಒಮ್ಮತ ಗಳಿಸಿದ್ದು ನನ್ನ ಮಟ್ಟಿಗೆ ಅವರ ಅತ್ಯಂತ ವಿವೇಕದ ನಿರ್ಧಾರ.

ಎ3 ಬಿ3 ಸಿ2 ಅಂತ ಬಂದಿದೆ. ಓದೋದು ಹೇಗೆ?

ಇದು 2012ರಿಂದ ಬಂದ ಪದ್ಧತಿ. ಮೂರು ಅಕ್ಷರಕ್ಕೆ ಮೂರು ಅಳತೆ, ಒಂದೊಂದಕ್ಕೂ 0ಯಿಂದ 3.

"ಎ" ಅಮಿಲಾಯ್ಡ್ ಎಲ್ಲೆಲ್ಲಿ ಹರಡಿದೆ ಎಂಬುದು. ಡೀಟ್ಮಾರ್ ಥಾಲ್ ತಂಡ 2002ರಲ್ಲಿ ಗುರುತಿಸಿದಂತೆ ಅದು ಹೊರಪದರದಲ್ಲಿ ಶುರುವಾಗಿ ಒಳಕ್ಕಿಳಿದು ಕೊನೆಗೆ ಕಿರುಮಿದುಳು ಮುಟ್ಟುತ್ತದೆ. "ಬಿ" ಸಿಕ್ಕುಗಳದು. ಫ್ರಾಂಕ್‌ಫರ್ಟಿನ ಹೈಕೊ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಆರು ಹಂತ ತೋರಿಸಿದರು. ಸಿಕ್ಕು ನೆನಪಿನ ಬಾಗಿಲಿನಂತಿರುವ ಒಳಮೂಲೆಯಲ್ಲಿ ಹುಟ್ಟಿ, ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ದಾಟಿ, 5 ಮತ್ತು 6ನೇ ಹಂತದಲ್ಲಿ ಹೊರಪದರಕ್ಕೆ ಹಬ್ಬುತ್ತದೆ. ಎರಡು ಪ್ರೋಟೀನುಗಳ ದಾರಿ ಹೀಗೆ ಎದುರುಬದುರು. "ಸಿ" ಮೇಲೆ ಹೇಳಿದ ಸೆರಾಡ್ ದರ್ಜೆ, ವಯಸ್ಸಿನ ಲೆಕ್ಕ ಬಿಟ್ಟು.

ಮೂರನ್ನೂ ಕೋಷ್ಟಕದಲ್ಲಿಟ್ಟರೆ "ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು" ಎಂಬ ಒಂದು ಉತ್ತರ ಬರುತ್ತದೆ. ನಿಮ್ಮದು "ಹೆಚ್ಚು". ಮಧ್ಯಮ ಅಥವಾ ಹೆಚ್ಚು ಬಂದರೆ ಮರೆವಿಗೆ ಅದು ಸಾಕಷ್ಟು ಕಾರಣ ಎಂದು ಒಪ್ಪುತ್ತಾರೆ. ಹಳೆಯ ಪದ್ಧತಿಗಿಂತ ದೊಡ್ಡ ಬದಲಾವಣೆಯೆಂದರೆ ಮಿದುಳಿನಲ್ಲಿ ಕಂಡದ್ದನ್ನೂ ಬದುಕಿದ್ದಾಗಿನ ಮರೆವನ್ನೂ ಬೇರೆ ಬೇರೆಯಾಗಿ ಬರೆಯುವುದು.

## ಇನ್ನೂ ಆಳಕ್ಕೆ

ಪ್ಲಾಕ್, ಸಿಕ್ಕು ತುಂಬಿದ್ರೂ ಕೆಲವರು ಚುರುಕಾಗೇ ಇದ್ರಂತೆ, ನಿಜವಾ?

ನಿಜ. ಅಮೆರಿಕದ ನೋಟರ್‌ಡಾಮ್ ಪಂಗಡದ 678 ಕ್ರೈಸ್ತ ಸನ್ಯಾಸಿನಿಯರು ಪ್ರತಿವರ್ಷ ಪರೀಕ್ಷೆಗೂ, ಸಾವಿನ ನಂತರ ಮಿದುಳು ದಾನಕ್ಕೂ ಒಪ್ಪಿದರು. ಡೇವಿಡ್ ಸ್ನೋಡನ್ 1986ರಲ್ಲಿ ಶುರುಮಾಡಿದ ಅಧ್ಯಯನ ಅದು. ಒಂದೇ ಬಗೆಯ ಊಟ, ವಸತಿ, ದಿನಚರಿ ಇದ್ದವರಾದ್ದರಿಂದ ಹೋಲಿಕೆ ಸುಲಭವಾಯಿತು. ಅವರಲ್ಲಿ ಸಿಸ್ಟರ್ ಮೇರಿ 101 ವರ್ಷ ಬದುಕಿ ಕೊನೆಯವರೆಗೂ ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ್ದರು, ಮಿದುಳಿನಲ್ಲಿ ಮಾತ್ರ ಪ್ಲಾಕ್ ಮತ್ತು ಸಿಕ್ಕು ಹೇರಳವಾಗಿದ್ದವು. ಅದೇ ಅಧ್ಯಯನ 1997ರಲ್ಲಿ ಇನ್ನೊಂದನ್ನೂ ತೋರಿಸಿತು: ಅಲ್ಝೈಮರ್ ಗುರುತಿನ ಜೊತೆ ಸಣ್ಣ ಸಣ್ಣ ಪಾರ್ಶ್ವವಾಯುವಿನ ಕಲೆಗಳೂ ಇದ್ದವರಲ್ಲಿ ಮರೆವು ಹೆಚ್ಚು ಕಂಡಿತ್ತು. ಬಿಪಿ, ಸಕ್ಕರೆ ಹಿಡಿತದಲ್ಲಿಡಿ ಎಂದು ಮರೆವಿನ ಸಭೆಗಳಲ್ಲಿ ನಾನು ಬೇಸರವಿಲ್ಲದೆ ಹೇಳುವುದು ಇದರ ಬಲದ ಮೇಲೆ.

ರಿಪೋರ್ಟಲ್ಲಿ ಅಲ್ಝೈಮರ್ ಜೊತೆ ಇನ್ನೆರಡು ಕಾಯಿಲೆ ಹೆಸರು ಇದೆ. ತಪ್ಪಾಗಿ ಬರೆದಿದಾರಾ?

ಬಹುಶಃ ಇಲ್ಲ. ವಯಸ್ಸಾದವರಲ್ಲಿ ಬೆರಕೆಯೇ ಸಾಮಾನ್ಯ. ಪಾರ್ಕಿನ್ಸನ್ ಬಳಗದ ಲೂಯಿ ಬಾಡಿ ಎಂಬ ಪ್ರೋಟೀನ್ ಉಂಡೆಗಳು ನರಕೋಶದಲ್ಲಿದ್ದರೆ ಇಲ್ಲದ ಮಕ್ಕಳು, ಪ್ರಾಣಿಗಳು ಕಾಣಿಸುವ ಭ್ರಮೆ ಬರಬಹುದು. ಟಿಡಿಪಿ-43 ಎಂಬ ಪ್ರೋಟೀನಿನಿಂದ ಎಂಬತ್ತರ ಮೇಲಿನವರಿಗೆ ಬರುವ, ಅಲ್ಝೈಮರ್‌ನಂತೆಯೇ ಕಾಣುವ ಮರೆವಿಗೆ 2019ರಲ್ಲಷ್ಟೇ ಪ್ರತ್ಯೇಕ ಹೆಸರು ಕೊಟ್ಟರು. ಅಲ್ಲಿಯವರೆಗೆ ಇಂಥ ಎಷ್ಟೋ ಮಂದಿ ಅಲ್ಝೈಮರ್ ಹೆಸರಿನಲ್ಲೇ ತೀರಿಕೊಂಡರು. ಪ್ಲಾಕ್ ಇಲ್ಲದೆ ಸಿಕ್ಕು ಮಾತ್ರ ಇರುವವರೂ ಇದ್ದಾರೆ. ಎಲ್ಲ ಲ್ಯಾಬುಗಳೂ ಇವೆಲ್ಲವನ್ನೂ ಕಡ್ಡಾಯವಾಗಿ ಹುಡುಕಿದರೆ ಮಾತ್ರ ಲೆಕ್ಕ ಸರಿಬರುತ್ತದೆ.

ಈಗ ಪೆಟ್ ಸ್ಕ್ಯಾನ್, ರಕ್ತಪರೀಕ್ಷೆ ಬಂದಿದೆಯಲ್ಲ. ಇನ್ನು ಮಿದುಳು ಕೊಯ್ಯೋದ್ಯಾಕೆ?

ಆ ಸ್ಕ್ಯಾನ್ ಸರಿಯೆಂದು ಗೊತ್ತಾದದ್ದು ಹೇಗೆ ಎಂದು ಕೇಳಿ. ಫ್ಲೋರ್‌ಬೆಟಾಪಿರ್ ಎಂಬ ದ್ರವ್ಯ ಚುಚ್ಚಿ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್‌ಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಎರಡು ವರ್ಷದೊಳಗೆ ತೀರಿಕೊಂಡ 59 ಮಂದಿಯ ಮಿದುಳು ನೋಡಿದರು. ಪ್ಲಾಕ್ ಮಧ್ಯಮ ಅಥವಾ ದಟ್ಟವಾಗಿದ್ದ 39 ಮಂದಿಯಲ್ಲಿ 36 ಮಂದಿಯನ್ನು ಸ್ಕ್ಯಾನ್ ಹಿಡಿದಿತ್ತು. ಇಲ್ಲದ 20 ಮಂದಿಯಲ್ಲಿ ಒಬ್ಬರನ್ನೂ ತಪ್ಪಾಗಿ ಹೇಳಿರಲಿಲ್ಲ. ಆ "ಮಧ್ಯಮ, ದಟ್ಟ" ಎಂಬುದು ಸೆರಾಡ್‌ನ ಮಾತೇ. ಮುಂದೆ 2025ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿದ ಮೊದಲ ರಕ್ತಪರೀಕ್ಷೆಯನ್ನು ಪೆಟ್ ಮತ್ತು ಬೆನ್ನುಹುರಿ ನೀರಿನ ಪರೀಕ್ಷೆಗಳಿಗೆ ಹೋಲಿಸಿ ತೂಗಿದರು. ರಕ್ತಕ್ಕೆ ಸಾಕ್ಷಿ ಸ್ಕ್ಯಾನ್, ಸ್ಕ್ಯಾನ್‌ಗೆ ಸಾಕ್ಷಿ ಸ್ಲೈಡ್. ತಕ್ಕಡಿ ಎಷ್ಟೇ ಹೊಸದಿರಲಿ, ತೂಕದ ಬಟ್ಟು ಮಾತ್ರ ಆ ದಾನಿಗಳು ಕೊಟ್ಟದ್ದು.

ಔಷಧಿ ಕಂಡುಹಿಡಿಯೋಕೆ ಇದರಿಂದ ಏನಾದ್ರೂ ಸಹಾಯ ಆಗಿದೆಯಾ?

ಆಗಿದೆ, ಕಹಿ ಸತ್ಯ ಹೇಳುವ ಮೂಲಕ. ಅಮಿಲಾಯ್ಡ್ ವಿರುದ್ಧದ ಮೊದಲ ಲಸಿಕೆ ಎಎನ್-1792. ಎರಡನೇ ಹಂತದ ಪ್ರಯೋಗದಲ್ಲಿ ಲಸಿಕೆ ಪಡೆದ ಸುಮಾರು 300 ಮಂದಿಯಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂದು 2002ರಲ್ಲಿ ನಿಂತಿತು. ಲಸಿಕೆ ಪಡೆದ ಕೆಲವರು ವರ್ಷಗಳ ನಂತರ ತೀರಿಕೊಂಡಾಗ ಮಿದುಳು ನೋಡಿದರು. ಕೆಲವರಲ್ಲಿ ಪ್ಲಾಕ್‌ಗಳು ಗುಡಿಸಿ ತೆಗೆದಂತೆ ಮಾಯವಾಗಿದ್ದವು. ಆದರೂ ಅವರು ಕೊನೆಯ ಹಂತದ ಮರೆವಿನಲ್ಲೇ ಹೋಗಿದ್ದರು. 2008ರಲ್ಲಿ ಇದು ಪ್ರಕಟವಾದಾಗ ಇಡೀ ಕ್ಷೇತ್ರ ತನ್ನ ಊಹೆಯನ್ನು ಮರುಪರಿಶೀಲಿಸಬೇಕಾಯಿತು. ಕಾಯಿಲೆ ಬಲಿಯುವ ಮೊದಲೇ ಔಷಧಿ ಕೊಡಬೇಕು, ಟೌ ಕಡೆಗೂ ಗಮನ ಬೇಕು ಎಂಬ ವಾದಕ್ಕೆ ಬಲ ಬಂದದ್ದು ಆ ಸ್ಲೈಡುಗಳಿಂದ.

ಬಿಳಿಯರ ಮಿದುಳು ನೋಡಿ ಮಾಡಿದ ನಿಯಮ ನಮಗೆ ಹೊಂದುತ್ತಾ?

ಇದನ್ನು ಕೇಳಿದ್ದು ಕೋಲಾರದ ಕಡೆಯ ಒಬ್ಬ ಕಾಲೇಜು ಹುಡುಗ. ಸೆರಾಡ್ ದರ್ಜೆ, ಬ್ರಾಕ್ ಹಂತ ಎಲ್ಲವೂ ಹೆಚ್ಚಾಗಿ ಅಮೆರಿಕ, ಯುರೋಪಿನ ಜನರ ಮಿದುಳಿನಿಂದ ಬಂದವು. ಪ್ರೋಟೀನು ಎಲ್ಲರಲ್ಲೂ ಒಂದೇ. ಆದರೆ ಯಾವ ಕಾಯಿಲೆ ಯಾವುದರ ಜೊತೆ ಎಷ್ಟು ಬೆರೆಯುತ್ತದೆ ಎಂಬುದು ಸಕ್ಕರೆ ಕಾಯಿಲೆ, ಬಿಪಿ, ಓದು, ಊಟ ಇವುಗಳ ಮೇಲೂ ನಿಂತಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಇದೆ. ಅವರಲ್ಲಿ ಎಷ್ಟು ಮಂದಿಯದು ಶುದ್ಧ ಅಲ್ಝೈಮರ್, ಎಷ್ಟು ಮಂದಿಯದು ಬೆರಕೆ ಎಂದು ಹೇಳಲು ಇಲ್ಲಿನ ಮಿದುಳುಗಳೇ ಬೇಕು.

ಆ ಹುಡುಗನ ಜಿಲ್ಲೆಯ ಶ್ರೀನಿವಾಸಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಯ ಹಿರಿಯರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದಿದೆ. ಓದಲು ಬರೆಯಲು ಬಾರದವರಿಗೂ ಹೊಂದುವಂಥ ನೆನಪಿನ ಪರೀಕ್ಷೆ, ಸ್ಕ್ಯಾನ್, ರಕ್ತ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಅಂಥ ದಾಖಲೆಯ ಪಕ್ಕದಲ್ಲಿ ಎಲ್ಲರೂ ಒಪ್ಪಿದ ವಿಧಾನದಲ್ಲೇ ನೋಡಿದ ಒಂದು ಸ್ಲೈಡ್ ಇದ್ದರೆ, ಅದನ್ನು ಬೆಂಗಳೂರಿನಲ್ಲಿ ಓದಿದರೂ ಅಟ್ಲಾಂಟಾದಲ್ಲಿ ಓದಿದರೂ ಅರ್ಥ ಒಂದೇ ಇರುತ್ತದೆ. ಆಗ ನಿಯಮವೇ ನಮಗೆ ಹೊಂದದಿದ್ದರೂ ಅದನ್ನು ತೋರಿಸಿಕೊಡುವುದು ಅದೇ ಸ್ಲೈಡ್.